ಮನುವಿನ ಮೀನು ಮತ್ತು ನಮ್ಮ ಗಾಜಿನ ತೊಟ್ಟಿ

ಕಡಲಿಲ್ಲದ ಊರಿನವರಿಗೆ ಕಡಲಮೀನಿನ ಮೇಲೆ ಮೋಹ ಹೆಚ್ಚು. ಬಾಗಲಕೋಟೆಯ ವಿದ್ಯಾಗಿರಿಯಲ್ಲಿರುವ ನಮಗೆ ದೊಡ್ಡ ನೀರೆಂದರೆ ಘಟಪ್ರಭೆಯ ಪಾತ್ರದಲ್ಲಿ ಹಿಂದೆ ಸರಿದು ನಿಂತ ಆಲಮಟ್ಟಿಯ ಹಿನ್ನೀರು, ಅದು ಸಿಹಿನೀರು. ಉಪ್ಪುನೀರನ್ನು ಕಾಣಬೇಕಾದರೆ ಹುಬ್ಬಳ್ಳಿಯನ್ನು ದಾಟಿ, ಘಟ್ಟವನ್ನಿಳಿದು, ಕಾರವಾರವನ್ನೋ ಗೋಕರ್ಣವನ್ನೋ ಮುಟ್ಟಬೇಕು. ಬಹುಶಃ ಆ ದೂರವೇ ಮೋಹಕ್ಕೆ ಕಾರಣವಿರಬೇಕು. ಪ್ರಾಣಿಶಾಸ್ತ್ರವನ್ನು ಕಲಿಸುವ ವೃತ್ತಿಯಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದ ನನ್ನ ಬಳಿಗೆ ವರ್ಷಕ್ಕೆ ನಾಲ್ಕಾರು ಮಂದಿಯಾದರೂ ಒಂದೇ ಪ್ರಶ್ನೆಯನ್ನು ಹೊತ್ತು ಬರುತ್ತಾರೆ: ಇಷ್ಟು ಉದ್ದದ ಗಾಜಿನ ತೊಟ್ಟಿ ಮಾಡಿಸಿದ್ದೇನೆ, ಇದರಲ್ಲಿ ಯಾವ ದೊಡ್ಡ ಮೀನನ್ನು ಬಿಡಬಹುದು?

ಪ್ರಶ್ನೆ ಸರಳವಾಗಿ ಕಾಣುತ್ತದೆ. ಆದರೆ ಅದು ತಲೆಕೆಳಗಾದ ಪ್ರಶ್ನೆ. ಮೊದಲು ಗೋಡೆಯ ಅಳತೆ, ಆಮೇಲೆ ತೊಟ್ಟಿಯ ಅಳತೆ, ಕೊನೆಗೆ ಮೀನು ಎಂಬ ಈ ಕ್ರಮದಲ್ಲಿ ಮೀನಿಗೆ ಮಾತಾಡಲು ಅವಕಾಶವೇ ಸಿಗುವುದಿಲ್ಲ.

ಮೀನಿಗೆ ಮಾತಾಡಲು ಅವಕಾಶ ಕೊಟ್ಟ ಒಂದು ಕಥೆ ನಮ್ಮಲ್ಲಿದೆ. ಬಾದಾಮಿಯ ಎರಡನೆಯ ಗುಹೆಯಲ್ಲಿ ತಲೆಯೆತ್ತಿ ನೋಡಿದವರಿಗೆ ನೆನಪಿರಬಹುದು. ಛತ್ತಿನಲ್ಲಿ ಹದಿನಾರು ಮೀನುಗಳು ಚಕ್ರದ ಅರೆಗಳಂತೆ ಸುತ್ತುಗಟ್ಟಿಕೊಂಡಿವೆ. ಅದು ವಿಷ್ಣುವಿಗೆ ಮೀಸಲಾದ ಗುಹೆ. ಆ ಛತ್ತಿನ ಕೆಳಗೆ ನಿಂತಾಗಲೆಲ್ಲ ನನಗೆ ಮನುವಿನ ಮೀನಿನ ನೆನಪಾಗುತ್ತದೆ. ಶತಪಥಬ್ರಾಹ್ಮಣದಲ್ಲಿ ಕಥೆ ಚಿಕ್ಕದು. ಮುಂಜಾನೆ ಕೈತೊಳೆಯುವ ನೀರಿನಲ್ಲಿ ಮನುವಿನ ಅಂಗೈಗೆ ಒಂದು ಮರಿಮೀನು ಬರುತ್ತದೆ. ಮೊದಲು ನನ್ನನ್ನು ಗಡಿಗೆಯಲ್ಲಿಡು, ಗಡಿಗೆ ಸಾಲದಾದಾಗ ಹೊಂಡ ತೋಡಿ ಅದರಲ್ಲಿಡು, ಹೊಂಡವೂ ಸಾಲದಾದಾಗ ಸಮುದ್ರಕ್ಕೆ ಒಯ್ಯಿ ಎಂದು ಅದು ಮೊದಲೇ ಹೇಳಿಬಿಡುತ್ತದೆ. ಮಹಾಭಾರತದ ವನಪರ್ವಕ್ಕೆ ಬರುವ ಹೊತ್ತಿಗೆ ಗಡಿಗೆಯ ನಂತರ ಬಾವಿಯಂಥ ದೊಡ್ಡ ಕೊಳ, ಕೊಳದ ನಂತರ ಗಂಗೆ, ಗಂಗೆಯ ನಂತರ ಸಮುದ್ರ. ಪುರಾಣಿಕರು ಇದನ್ನು ಪ್ರಳಯದ ಕಥೆಯೆಂದು ಓದುತ್ತಾರೆ, ಓದಲಿ. ನನ್ನಂಥವನಿಗೆ ಅದು ಮೀನಿಗೆ ತಕ್ಕ ತೊಟ್ಟಿಯನ್ನು ಕುರಿತು ನಮ್ಮ ದೇಶದಲ್ಲಿ ಹುಟ್ಟಿದ ಅತ್ಯಂತ ಹಳೆಯ ಪಾಠವಾಗಿಯೂ ಕಾಣುತ್ತದೆ. ಅದರಲ್ಲಿ ನನಗೆ ಹಿಡಿಸುವ ಅಂಶವೆಂದರೆ, ಅಂಗೈಯಲ್ಲಿರುವಾಗಲೇ ಮೀನು ತನ್ನ ಕೊನೆಯ ಅಳತೆಯನ್ನು ತಿಳಿಸುತ್ತದೆ.

ಅಂಗಡಿಯ ಮೀನು ತಿಳಿಸುವುದಿಲ್ಲ. ಅಂಗಡಿಯಲ್ಲಿ ಮಾರುವ ಕಡಲಮೀನುಗಳಲ್ಲಿ ಬಹುಪಾಲು ಮರಿಗಳೇ. ಎಂಪರರ್ ಏಂಜೆಲ್ ಎಂಬ ಮೀನಿನ ಮರಿಗೆ ಕಡುನೀಲಿ ಮೈಮೇಲೆ ಬಿಳಿಯ ವರ್ತುಲಗಳಿರುತ್ತವೆ. ಬೆಳೆದ ಮೀನಿಗೆ ಹಳದಿಯ ಅಡ್ಡಪಟ್ಟೆಗಳು. ಎರಡನ್ನೂ ಬೇರೆ ಬೇರೆ ಜಾತಿಗಳೆಂದೇ ವಿದ್ವಾಂಸರು ಒಂದು ಕಾಲಕ್ಕೆ ನಂಬಿದ್ದರು. ಅವರೇ ಗುರುತಿಸದೆ ಹೋದದ್ದನ್ನು ಕೊಳ್ಳುವವನು ಹೇಗೆ ಗುರುತಿಸಿಯಾನು? ಐದಾರು ಸೆಂಟಿಮೀಟರಿನ ಆ ನೀಲಿಚಂದ್ರ 40 ಸೆಂಟಿಮೀಟರಿನವರೆಗೆ ಬೆಳೆಯುತ್ತದೆ.

ನಮ್ಮ ಭಾಗದ ತರುಣ ವೈದ್ಯರೊಬ್ಬರು ಹೊಸ ಮನೆ ಕಟ್ಟಿಸಿ ನನ್ನನ್ನು ಕರೆದೊಯ್ದಿದ್ದರು. "ಸರ್, ಹಾಲಿನ್ಯಾಗ ನಾಕು ಫೂಟಿನ ಜಾಗಾ ಬಿಡಿಸೇನ್ರಿ. ಈ ಚಿಕ್ಕಿ ಮೀನು ಅದರಾಗ ಆರಾಮ ಇರ್ತದಲ್ರಿ?" ಎಂದು ಒಂದು ಚಿತ್ರವನ್ನು ಮುಂದೆ ಹಿಡಿದರು. ಬಿಳಿಯ ಮೈಮೇಲೆ ಕಪ್ಪು ಬೊಟ್ಟುಗಳು, ನೀರಿನಲ್ಲಿ ಸೆರಗು ಬೀಸಿದಂತೆ ಆಡುವ ಈಜುರೆಕ್ಕೆಗಳು. ಅಂಗಡಿಯವರು ಪ್ಯಾಂಥರ್ ಗ್ರೂಪರ್ ಎಂದು ಮಾರುವ ಮೀನದು. ನಮ್ಮ ಕರಾವಳಿಯವರು ಮುರುಮೀನು ಎನ್ನುವ ಬಳಗಕ್ಕೆ ಸೇರಿದ್ದು. ಚಿತ್ರದಲ್ಲಿದ್ದ ಮರಿಯ ಉದ್ದ ಏಳು ಸೆಂಟಿಮೀಟರು. ಬೆಳೆದಾಗ ಎಪ್ಪತ್ತನ್ನು ಮುಟ್ಟಬಲ್ಲುದು.

ಏಳು ಎಪ್ಪತ್ತಾದರೆ ಹತ್ತುಪಟ್ಟಾಯಿತು ಎಂದು ನಾವು ಭಾವಿಸುತ್ತೇವೆ. ಉದ್ದದಲ್ಲಿ ಅದು ನಿಜ. ಆದರೆ ಮೀನು ಉದ್ದಕ್ಕೆ ಬೆಳೆಯುವಾಗ ಅಗಲಕ್ಕೂ ದಪ್ಪಕ್ಕೂ ಬೆಳೆಯುತ್ತದೆ. ಹತ್ತನ್ನು ಮೂರು ಸಲ ಗುಣಿಸಬೇಕು. ತೂಕ ಸಾವಿರಪಟ್ಟಾಗುತ್ತದೆ. ತಿನ್ನುವ ಆಹಾರ, ಸೇದುವ ಆಮ್ಲಜನಕ, ಬಿಡುವ ಕಶ್ಮಲ ಇವೆಲ್ಲ ಉದ್ದವನ್ನು ಬಿಟ್ಟು ತೂಕದ ಬೆನ್ನು ಹಿಡಿಯುತ್ತವೆ. ಇಂಚು ಮೀನಿಗೆ ಇಷ್ಟು ನೀರು ಎಂಬ ಸೂತ್ರವೊಂದು ಹವ್ಯಾಸಿಗಳ ಬಾಯಲ್ಲಿ ಬಹುಕಾಲದಿಂದ ಓಡಾಡುತ್ತಿದೆ. ಬೆರಳುದ್ದದ ಸಿಹಿನೀರಿನ ಮೀನುಗಳಿಗೆ ಅದು ಹೇಗೋ ಹೊಂದಿಕೊಂಡೀತು. ಆದರೆ ಒಂದಿಂಚಿನ ಹತ್ತು ಮೀನುಗಳೂ ಹತ್ತಿಂಚಿನ ಒಂದು ಮೀನೂ ಸಮವೆಂದು ಹೇಳುವ ಸೂತ್ರ ದೊಡ್ಡ ಮೀನಿನ ಬಳಿ ಸುಳ್ಳಾಗುತ್ತದೆ. ಆ ಒಂದು ಮೀನು ಹತ್ತೂ ಮರಿಗಳ ಒಟ್ಟು ತೂಕಕ್ಕಿಂತ ನೂರುಪಟ್ಟು ಹೆಚ್ಚು ತೂಗುತ್ತದೆ.

ವೈದ್ಯರಿಗೆ ನಾನು ಉಪನ್ಯಾಸ ಕೊಡಲಿಲ್ಲ. ಹಳೆಯ ವೃತ್ತಪತ್ರಿಕೆಗಳನ್ನು ಅಂಟಿಸಿ 70 ಸೆಂಟಿಮೀಟರಿನ ಒಂದು ಮೀನನ್ನು ಕತ್ತರಿಸಿದೆವು. ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲದ ಚೌಕವನ್ನು ಬರೆದು, ಕಾಗದದ ಮೀನನ್ನು ಅದರೊಳಗೆ ತಿರುಗಿಸಿ ನೋಡಿರೆಂದೆ. ಅಗಲ 45 ಸೆಂಟಿಮೀಟರು. ಮೀನು ಅಡ್ಡವಾಗಿ ಮಲಗುವಂತೆಯೇ ಇರಲಿಲ್ಲ. ಗೆರೆ ದಾಟದೆ ಅದರ ಮೂತಿಯನ್ನು ಹಿಂದಕ್ಕೆ ತಿರುಗಿಸಲು ಅವರು ಮಡಚಿದರು, ಸೊಟ್ಟಗೆ ಮಾಡಿದರು, ಕೊನೆಗೆ ನಕ್ಕುಬಿಟ್ಟರು. ಈ ಕಾಗದದ ಪರೀಕ್ಷೆಗೆ ಖರ್ಚಿಲ್ಲ. ಯಾರೂ ಮನೆಯಲ್ಲಿ ಮಾಡಬಹುದು. ತೊಟ್ಟಿಯ ಅಗಲ ಪೂರ್ಣ ಬೆಳೆದ ಮೀನಿನ ಉದ್ದಕ್ಕಿಂತ ಕಡೇಪಕ್ಷ ಒಂದೂವರೆಪಟ್ಟು ಇರಬೇಕೆಂಬುದು ನಾನು ಪಾಲಿಸುವ ಅಳತೆ. ಉದ್ದವಂತೂ ಅದಕ್ಕಿಂತ ಬಹಳ ಹೆಚ್ಚಾಗಿರಬೇಕು. ಹೀಗೆ ಲೆಕ್ಕ ಹಾಕಿದರೆ ಆ ಚುಕ್ಕೆಯ ಮೀನಿಗೆ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ, ಮೂರು ಅಡಿ ಎತ್ತರದ ತೊಟ್ಟಿಯೂ ಧಾರಾಳವೆನಿಸುವುದಿಲ್ಲ.

ಆ ತೊಟ್ಟಿ ಎಂದರೆ ಏನೆಂಬುದನ್ನು ತುಸು ಬಿಡಿಸಿ ನೋಡೋಣ. ಅಂಚಿನವರೆಗೆ ತುಂಬಿದರೆ ಅದರಲ್ಲಿ 2,700 ಲೀಟರು ನೀರು ಹಿಡಿಯುತ್ತದೆ. ಲೀಟರಿಗೆ 35 ಗ್ರಾಮಿನಂತೆ ಸುಮಾರು 95 ಕಿಲೋ ಕಡಲುಪ್ಪನ್ನು ಕರಗಿಸಬೇಕು. ಅಡಿಗೆಯ ಉಪ್ಪು ಇಲ್ಲಿ ನಡೆಯದು. ಕಡಲಿನ ಲವಣದಲ್ಲಿ ಸೋಡಿಯಂ ಮತ್ತು ಕ್ಲೋರೈಡುಗಳ ಪಾಲು ನೂರಕ್ಕೆ 85ರಷ್ಟು. ಉಳಿದದ್ದು ಮೆಗ್ನೀಶಿಯಂ, ಕ್ಯಾಲ್ಶಿಯಂ, ಸಲ್ಫೇಟು ಮುಂತಾದುವು. ಅವೆಲ್ಲ ಬೆರೆತ ಮಿಶ್ರಣವನ್ನೇ ಕೊಳ್ಳಬೇಕು. ವಾರಕ್ಕೊಮ್ಮೆ ಹತ್ತನೆಯ ಒಂದು ಪಾಲು ನೀರು ಬದಲಿಸುವುದಾದರೆ ಹದಿನೈದು ಲೀಟರಿನ ಹದಿನೆಂಟು ಕೊಡ ನೀರು, ಒಂಬತ್ತೂವರೆ ಕಿಲೋ ಉಪ್ಪು. ನಳದ ನೀರು ಬರುವ ದಿನವನ್ನು ಎಣಿಸುತ್ತ ಕೂಡುವ ಊರುಗಳಲ್ಲಿ ಇದನ್ನು ಮನೆಯ ಹೆಣ್ಣುಮಕ್ಕಳ ಮುಂದೆ ಹೇಳುವ ಧೈರ್ಯ ಎಷ್ಟು ಜನಕ್ಕಿದ್ದೀತು?

ಇನ್ನು ಭಾರ. ಉಪ್ಪುನೀರೊಂದೇ 2,780 ಕಿಲೋ ಆಗುತ್ತದೆ. ಗಾಜು, ಮರಳು, ಕಲ್ಲು ಬೇರೆ. ಮನೆಯ ಕೋಣೆಯ ನೆಲವನ್ನು ಚದರ ಮೀಟರಿಗೆ 200 ಕಿಲೋ ಹೊರುವಂತೆ ಲೆಕ್ಕ ಹಾಕುವುದು ನಮ್ಮ ದೇಶದ ಇಂಜಿನಿಯರುಗಳ ರೂಢಿ. ಈ ತೊಟ್ಟಿ ಚದರ ಮೀಟರಿಗೆ 900 ಕಿಲೋ ಮೀರಿ ಒತ್ತುತ್ತದೆ. ಮಹಡಿಯ ಮಾತು ಬಿಡಿ. ಎರೆನೆಲದ ಮೇಲೆ ಕಟ್ಟಿದ ಮನೆಗಳಲ್ಲಿ ಕೆಳಗಿನ ಹಾಸುಗಲ್ಲೂ ಮಳೆಗಾಲ ಬೇಸಗೆಗಳ ನಡುವೆ ಕದಲುತ್ತದೆ. ಇಲ್ಲಿ ಗಮನಿಸಬೇಕಾದದ್ದೊಂದಿದೆ. ಚದರ ಮೀಟರಿನ ಮೇಲೆ ಬೀಳುವ ಭಾರವಾಗಲಿ, ಗಾಜಿನ ಮೇಲೆ ಬೀಳುವ ಒತ್ತಡವಾಗಲಿ ನಿರ್ಧಾರವಾಗುವುದು ನೀರಿನ ಎತ್ತರದಿಂದ. ತೊಟ್ಟಿಯ ಉದ್ದ ಅಗಲಗಳಿಂದಲ್ಲ. ಅಣೆಕಟ್ಟಿನ ಗೋಡೆ ಮೇಲೆ ಕಿರಿದಾಗಿ ಬುಡದಲ್ಲಿ ಹಿರಿದಾಗಿರುವುದಕ್ಕೆ ಇದೇ ಕಾರಣ. ಆದ್ದರಿಂದ ಹಣವಿದ್ದವರು ಎತ್ತರವನ್ನು ಕೊಳ್ಳದೆ ಉದ್ದಗಲಗಳನ್ನು ಕೊಳ್ಳುವುದು ಜಾಣತನ.

ಎತ್ತರದ ತೊಟ್ಟಿ ಕಣ್ಣಿಗೆ ಚೆಂದ, ನಿಜ. ಆದರೆ ನೀರಿಗೆ ಆಮ್ಲಜನಕ ಸೇರುವುದು ಮೇಲ್ಮೈಯಿಂದ. 25 ಡಿಗ್ರಿ ಉಷ್ಣದಲ್ಲಿ ಸಿಹಿನೀರು ಲೀಟರಿಗೆ 8 ಮಿಲಿಗ್ರಾಮಿಗೂ ಮಿಕ್ಕಿ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, ಕಡಲನೀರು 7ನ್ನೂ ಮುಟ್ಟುವುದಿಲ್ಲ. ಬಿಸಿಯೇರಿದಂತೆ ಅದೂ ಇಳಿಯುತ್ತದೆ. ನಲವತ್ತು ಡಿಗ್ರಿಯ ನಮ್ಮ ಏಪ್ರಿಲ್ ತಿಂಗಳಿನಲ್ಲಿ ವಿದ್ಯುತ್ತು ಹೋಗಿ ಗಾಳಿಯ ಪಂಪು ನಿಂತಿತೆಂದರೆ, ಕಿರಿದಾದ ಬಾಯಿಯ ತೊಟ್ಟಿಯಲ್ಲಿ ದೊಡ್ಡ ಮೀನು ಮೊದಲು ಏದುಸಿರುಬಿಡುತ್ತದೆ. ಅದೇ ಸೆಖೆಯಲ್ಲಿ ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಚಿಕ್ಕ ತೊಟ್ಟಿಯಲ್ಲಿ ಒಂದೆರಡು ದಿನದಲ್ಲೇ ಉಪ್ಪಿನಂಶ ಏರಿಬಿಡುತ್ತದೆ. ಕಡಿಮೆಯಾದಷ್ಟನ್ನು ಸಿಹಿನೀರಿನಿಂದಲೇ ತುಂಬಬೇಕೆಂಬುದನ್ನು ಹಲವರು ಮರೆಯುತ್ತಾರೆ. ಮೀನು ಬಿಡುವ ಅಮೋನಿಯ ಸಹ ಕಡಲನೀರಿನ ಕ್ಷಾರಗುಣದಲ್ಲಿ ಹೆಚ್ಚು ವಿಷಕಾರಿ. ದೊಡ್ಡ ತೊಟ್ಟಿಯಲ್ಲಿ ಈ ಕೇಡುಗಳೆಲ್ಲ ನಿಧಾನವಾಗಿ ಬರುತ್ತವೆ, ಮನುಷ್ಯ ಎಚ್ಚೆತ್ತು ಏನಾದರೂ ಮಾಡುವಷ್ಟು ನಿಧಾನವಾಗಿ. ಈ ವ್ಯವಧಾನಕ್ಕಾಗಿಯೇ ಅನುಭವಿಗಳು ದೊಡ್ಡ ತೊಟ್ಟಿಯನ್ನು ಮೆಚ್ಚುವುದು.

ಇಷ್ಟು ಕೇಳಿದ ಮೇಲೂ ಒಂದು ವಾದ ಉಳಿಯುತ್ತದೆ: ತೊಟ್ಟಿ ಇದ್ದಷ್ಟೇ ಮೀನು ಬೆಳೆಯುತ್ತದಂತಲ್ಲ! ವಿದ್ಯಾವಂತರ ಬಾಯಲ್ಲೂ ಇದನ್ನು ಕೇಳಿದ್ದೇನೆ. ಇಕ್ಕಟ್ಟಿನಲ್ಲಿಟ್ಟ ಮೀನು ಕೆಲವೊಮ್ಮೆ ಗಿಡ್ಡಾಗಿ ಉಳಿಯುವುದು ನಿಜವೇ. ಅದು ಕೆಟ್ಟ ನೀರಿನ, ಅರೆಹೊಟ್ಟೆಯ, ಬಿಡುವಿಲ್ಲದ ಅಂಜಿಕೆಯ ಫಲ. ಹಾಲು ಕಾಣದ ಕೂಸು ಸಣ್ಣದಾಗಿ ಉಳಿದರೆ, ಮನೆ ಚಿಕ್ಕದೆಂದು ಕೂಸು ತನ್ನನ್ನು ತಾನೇ ಅಳವಡಿಸಿಕೊಂಡಿತು ಎಂದು ನಾವು ಸಮಾಧಾನಪಡುತ್ತೇವೆಯೆ?

ವಿಲಕ್ಷಣ ಮೀನುಗಳ ಸಂಗತಿ ಮತ್ತೊಂದು ಬಗೆಯದು. ಅಲ್ಲಿ ಉದ್ದವೊಂದನ್ನೇ ಕೇಳಿ ಪ್ರಯೋಜನವಿಲ್ಲ, ಬದುಕುವ ರೀತಿಯನ್ನು ಕೇಳಬೇಕು. ಬಾವಲಿಮೀನಿನ ಮರಿ ಬಿದ್ದ ಎಲೆಯಂತಿರುತ್ತದೆ. ಅದರ ರೆಕ್ಕೆಗಳು ಮೇಲಕ್ಕೂ ಕೆಳಕ್ಕೂ ಚಾಚಿರುವುದರಿಂದ, ಉದ್ದಗಲಗಳ ಜೊತೆಗೆ ಎತ್ತರವನ್ನೂ ಬೇಡುವ ಅಪರೂಪದ ಮೀನು ಅದು. ಬಿದಿರು ಶಾರ್ಕು ಇದಕ್ಕೆ ತದ್ವಿರುದ್ಧ. ನಮ್ಮ ಪಶ್ಚಿಮ ಕರಾವಳಿಯಲ್ಲೂ ಸಿಗುವ ಬೂದುಬಣ್ಣದ ಬಿದಿರು ಶಾರ್ಕು ಮುಕ್ಕಾಲು ಮೀಟರಿನಷ್ಟೇ ಬೆಳೆದು ನೆಲಕ್ಕಂಟಿ ಹಗಲೆಲ್ಲ ಮಲಗಿರುತ್ತದೆ; ಅದಕ್ಕೆ ಎತ್ತರ ವ್ಯರ್ಥ, ತಳದ ವಿಸ್ತಾರವೇ ಸರ್ವಸ್ವ. ಮೊರೇ ಎಂಬ ಹಾವುಮೀನು ಪೊಟರೆಯಲ್ಲಿ ಕುಳಿತಿರುತ್ತದೆಯೆಂದು ಚಿಕ್ಕ ತೊಟ್ಟಿ ಸಾಕೆನ್ನುವವರಿದ್ದಾರೆ. ಅವುಗಳಲ್ಲಿ ಮೊಳದುದ್ದದವೂ ಇವೆ, ಮೂರು ಮೀಟರಿನವೂ ಇವೆ. ಹೆಸರು ಕೇಳದೆ ಕೊಳ್ಳಬಾರದು. ಕಡಲಕುದುರೆಯ ವಿಷಯದಲ್ಲಿ ಅಳತೆಯ ಪ್ರಶ್ನೆಯೇ ಏಳುವುದಿಲ್ಲ. 2001ರಲ್ಲಿ ಅದನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಒಳಪಡಿಸಲಾಯಿತು. 2.7 ಮೀಟರು ಬೆಳೆಯುವ ದೈತ್ಯ ಗ್ರೂಪರನ್ನೂ ತಿಮಿಂಗಿಲ ಶಾರ್ಕನ್ನೂ ಅದೇ ವರ್ಷ ಆ ಪಟ್ಟಿಗೆ ಸೇರಿಸಿದರು.

ಮನೆಯನ್ನು ಬಿಟ್ಟು ಜಗತ್ತಿನ ದೊಡ್ಡ ಮತ್ಸ್ಯಾಲಯಗಳತ್ತ ನೋಡಿದರೆ, ಹಣಕ್ಕೂ ಸ್ಥಳಕ್ಕೂ ಕೊರತೆಯಿಲ್ಲದವರು ಇದೇ ಪ್ರಶ್ನೆಯ ಮುಂದೆ ತಡಬಡಾಯಿಸಿದ್ದು ಕಾಣುತ್ತದೆ. ಕ್ಯಾಲಿಫೋರ್ನಿಯದ ಮಾಂಟರೆ ಬೇ ಮತ್ಸ್ಯಾಲಯದಲ್ಲಿ ಸಾಕಿದ ಒಂದು ಸೂರ್ಯಮೀನು 26 ಕಿಲೋದಿಂದ 399 ಕಿಲೋಕ್ಕೆ ಬೆಳೆಯಿತು, ಹದಿನೈದೇ ತಿಂಗಳಿನಲ್ಲಿ. ಮನುವಿನ ಕಥೆಯನ್ನು ಅತಿಶಯೋಕ್ತಿಯೆನ್ನುವವರು ಈ ಅಂಕಿಯನ್ನೊಮ್ಮೆ ನೆನೆಯಬೇಕು. ಬಾಲವನ್ನು ಕತ್ತರಿಸಿ ತೆಗೆದಂತೆ ಕಾಣುವ ಆ ದುಂಡು ಮೀನಿಗೆ ಗೋಡೆಯೆಂಬುದರ ಪರಿಚಯವಿಲ್ಲ. ಹೋಗಿ ಡಿಕ್ಕಿ ಹೊಡೆಯುತ್ತದೆ. ಜಪಾನಿನ ಮತ್ಸ್ಯಾಲಯಗಳಲ್ಲಿ ಗಾಜಿನ ಮುಂದೆ ಮೆತ್ತನೆಯ ಪಾರದರ್ಶಕ ಹಾಳೆಗಳನ್ನು ಇಳಿಬಿಟ್ಟು ಅದನ್ನು ಕಾಪಾಡುತ್ತಾರೆ.

ಅದೇ ಮಾಂಟರೆಯಲ್ಲಿ 2004ರಲ್ಲಿ ಒಂದು ಎಳೆಯ ಬಿಳಿ ಶಾರ್ಕನ್ನು ಸುಮಾರು 38 ಲಕ್ಷ ಲೀಟರಿನ ತೊಟ್ಟಿಯಲ್ಲಿ ಇರಿಸಿದರು. ಅದು 198 ದಿನ ಬದುಕಿತ್ತು, ಚೆನ್ನಾಗಿ ತಿಂದಿತು, 28 ಕಿಲೋ ಇದ್ದದ್ದು 73 ಕಿಲೋ ಆಯಿತು. ಆಮೇಲೆ ಜೊತೆಗಿದ್ದ ಬೇರೆ ಶಾರ್ಕುಗಳ ಮೇಲೆರಗಿತು. 2005ರ ಮಾರ್ಚಿಯಲ್ಲಿ ಅದನ್ನು ಕಡಲಿಗೆ ಮರಳಿಸಿದರು. ಅದಕ್ಕೆ ಮೊದಲು ಬೇರೆಡೆ ಇಟ್ಟ ಬಿಳಿ ಶಾರ್ಕುಗಳು ಕೆಲವೇ ದಿನಗಳಲ್ಲಿ ಸತ್ತಿದ್ದವು, ಇಲ್ಲವೇ ಅವನ್ನು ಕಡಲಿಗೆ ಬಿಡಬೇಕಾಗಿತ್ತು. 2016ರಲ್ಲಿ ಜಪಾನಿನ ಓಕಿನಾವದಲ್ಲಿ ಇಟ್ಟ ದೊಡ್ಡ ಬಿಳಿ ಶಾರ್ಕು ಮೂರು ದಿನವಷ್ಟೇ ಉಳಿಯಿತು.

ಓಕಿನಾವದ ಆ ಚುರಾವುಮಿ ಮತ್ಸ್ಯಾಲಯ 2002ರಲ್ಲಿ ತೆರೆದದ್ದು. ಅದರ ಮುಖ್ಯ ತೊಟ್ಟಿ 35 ಮೀಟರು ಉದ್ದ, 27 ಮೀಟರು ಅಗಲ, 10 ಮೀಟರು ಆಳ. ಎದುರಿನ ಪಾರದರ್ಶಕ ಗೋಡೆಯ ದಪ್ಪ 60 ಸೆಂಟಿಮೀಟರು. ಅದರೊಳಗೆ ಬೆಳೆದ ಗಂಡು ತಿಮಿಂಗಿಲ ಶಾರ್ಕೊಂದರ ಉದ್ದ 8.8 ಮೀಟರು. ಒಂಬತ್ತು ಗಜದ ಇಳಕಲ್ ಸೀರೆಯನ್ನು ನೀಳವಾಗಿ ಹಾಸಿದರೂ ಅರ್ಧ ಮೀಟರು ಕಡಮೆ ಬೀಳುತ್ತದೆ. ಹಾಗಾದರೆ ಇದು ಸಾಕಾದ ತೊಟ್ಟಿಯೆ? ಗೋಡೆಯಿಂದ ಗೋಡೆಗೆ ಹೋಗಲು ಮೀನಿಗೆ ಅದರ ನಾಲ್ಕು ಮೈಯುದ್ದದ ದಾರಿ. ತೊಟ್ಟಿಯ ಒಟ್ಟು ನೀರು 7,500 ಘನಮೀಟರು. ಆಲಮಟ್ಟಿಯ ವಿಚಾರದಲ್ಲಿ ನಾವು ನಿತ್ಯ ಓದುವ ಟಿಎಂಸಿ ಲೆಕ್ಕಕ್ಕೆ ಇಳಿಸಿದರೆ, ಒಂದು ಟಿಎಂಸಿಯನ್ನು ಸುಮಾರು 3,775 ಪಾಲು ಮಾಡಿದಾಗ ಬರುವ ಒಂದು ಪಾಲು. ಮನುಷ್ಯ ಮೀನಿಗಾಗಿ ಕಟ್ಟಿದ ಮಹಾತೊಟ್ಟಿಗಳಲ್ಲಿ ಒಂದರ ಗತಿಯಿದು. ಸಾವಿರಾರು ಕಿಲೋಮೀಟರು ಸಂಚರಿಸುವ ಜೀವಿಗೆ ತಕ್ಕ ತೊಟ್ಟಿಯ ಅಳತೆ ಎಷ್ಟೆಂದು ಕೇಳಿದರೆ, ಅಂಥ ಅಳತೆಯಿಲ್ಲ ಎಂಬುದೇ ನನ್ನ ಉತ್ತರ. ಅಂಥ ಮತ್ಸ್ಯಾಲಯಗಳಿಂದ ಶಾಸ್ತ್ರಕ್ಕೆ ಲಾಭವಾಗಿದೆಯೆಂದು ಒಪ್ಪುತ್ತೇನೆ. ಆದರೂ ನಮ್ಮ ಮುರುಡೇಶ್ವರದಾಚೆಯ ನೇತ್ರಾಣಿಯ ಹವಳದ ಬಂಡೆಗಳ ನಡುವೆ ಗ್ರೂಪರುಗಳನ್ನು ಅವುಗಳ ಮನೆಯಲ್ಲೇ ಮುಳುಗಿ ನೋಡಿ ಬರುವವನು ಹೆಚ್ಚು ಕಂಡುಬರುತ್ತಾನೆಂದು ನನ್ನ ನಂಬಿಕೆ.

ತೊಟ್ಟಿ ಸಾಲದಾದ ದಿನ ಏನು ಮಾಡುವುದು? ಮನು ಮೀನನ್ನು ಕಡಲಿಗೆ ಬಿಟ್ಟ. ಕಥೆಯ ಈ ಭಾಗವನ್ನು ಮಾತ್ರ ನಾವು ಅನುಸರಿಸುವಂತಿಲ್ಲ. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಸಾಗರಗಳ ಸಿಂಹಮೀನು 1985ರಲ್ಲಿ ಅಮೆರಿಕದ ಫ್ಲಾರಿಡ ತೀರದಲ್ಲಿ ಕಾಣಿಸಿಕೊಂಡಿತು. ಸಾಕಿದವರು ಹೊರಬಿಟ್ಟದ್ದೇ ಮೂಲವೆಂದು ಬಲವಾಗಿ ನಂಬಲಾಗಿದೆ. ಈಗ ಅದು ಕೆರೀಬಿಯನ್ ಕಡಲನ್ನೆಲ್ಲ ವ್ಯಾಪಿಸಿ ಅಲ್ಲಿನ ಚಿಕ್ಕ ಮೀನುಗಳನ್ನು ತಿಂದು ಹಾಳುಗೆಡವಿದೆ. ನಮ್ಮೂರಿನ ಹಿನ್ನೀರಿಗೆ ಬಿಟ್ಟರೆ ಹವಳದಿಬ್ಬದ ಮೀನು ಬದುಕಲಾರದು. ಅಂಗಡಿಗೆ ಹಿಂದಿರುಗಿಸೋಣವೆಂದರೆ ಮೊಳದುದ್ದದ ಗ್ರೂಪರನ್ನು ಕೊಳ್ಳುವವರು ಯಾರು? ಆದುದರಿಂದ ಕೊಳ್ಳುವ ಮೊದಲೇ ಈ ಪ್ರಶ್ನೆಗೆ ಉತ್ತರವನ್ನು ಕಂಡುಕೊಂಡಿರಬೇಕು.

ನಾಲ್ಕು ಅಡಿಯ ತೊಟ್ಟಿಯಿದ್ದವರು ನಿರಾಶರಾಗಬೇಕಾಗಿಲ್ಲ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ತೊಟ್ಟಿಗೆ 255 ಲೀಟರು ನೀರು, ಒಂಬತ್ತು ಕಿಲೋ ಉಪ್ಪು. ಹತ್ತು ಸೆಂಟಿಮೀಟರಿನ ಆಸುಪಾಸಿನಲ್ಲಿ ಬೆಳವಣಿಗೆ ನಿಲ್ಲುವ ಕ್ಲೌನ್ ಮೀನಿನ ಜೋಡಿಯೊಂದು ಅದರಲ್ಲಿ ಸುಖವಾಗಿ ಬಾಳುತ್ತದೆ. ಇವುಗಳನ್ನು ಕಡಲಿನಿಂದ ಹಿಡಿದು ತರಬೇಕಾಗಿಯೂ ಇಲ್ಲ. ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ನಮ್ಮ ದೇಶದಲ್ಲೇ ತೊಟ್ಟಿಯಲ್ಲಿ ಮರಿಮಾಡಿಸುವ ವಿಧಾನವನ್ನು ರೂಪಿಸಿದ್ದಾರೆ. ಕೊಳ್ಳುವಾಗ ಸಾಕಿದ ಮರಿಯೇ ಎಂದು ಕೇಳಿ ತಿಳಿಯುವುದು ಒಳ್ಳೆಯದು. ವೈದ್ಯರು ಕೊನೆಗೆ ಒಪ್ಪಿದ್ದು ಇದಕ್ಕೇ, ತುಸು ಮುಖ ಸಪ್ಪಗೆ ಮಾಡಿಕೊಂಡು.

ತೊಟ್ಟಿ ಸಿದ್ಧವಾದ ಮೇಲೂ ನಾಲ್ಕರಿಂದ ಆರು ವಾರ ಅದರಲ್ಲಿ ಮೀನು ಬಿಡಬಾರದು. ಅಮೋನಿಯವನ್ನು ನೈಟ್ರೈಟಾಗಿ, ನೈಟ್ರೈಟನ್ನು ನೈಟ್ರೇಟಾಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಕಲ್ಲು ಮರಳುಗಳ ಮೇಲೆ ನೆಲೆಯೂರಲು ಅಷ್ಟು ಕಾಲ ಹಿಡಿಯುತ್ತದೆ. ದಿನಕ್ಕೆ ಚಿಟಿಕೆ ಆಹಾರವನ್ನು ಖಾಲಿ ನೀರಿಗೆ ಹಾಕುತ್ತಿದ್ದರೆ ಅವುಗಳಿಗೆ ಅದೇ ಗ್ರಾಸ. ಬಂದವರೆಲ್ಲ, ಮೀನೆಲ್ಲಿ ಎಂದು ಕೇಳುತ್ತಾರೆ. ಬರೀ ನೀರಿಗೆ ಅನ್ನ ಹಾಕುತ್ತೀರಲ್ಲ ಎಂದು ನಗುತ್ತಾರೆ. ನಗಲಿ.